ದೊಡ್ಡವರಾದ ಮೇಲೆ ಜಗ್ಲಿಂಗ್ ಕಲಿತರೆ

2004ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಬಂತು. ಜರ್ಮನಿಯ ರೇಗನ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಬರೆದದ್ದು. ಜಗ್ಲಿಂಗ್ ಗೊತ್ತೇ ಇಲ್ಲದ 24 ಜನರನ್ನು ಅವರು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಮೂರು ತಿಂಗಳು ಟೈಮ್ ಕೊಟ್ಟರು. ಅಷ್ಟರೊಳಗೆ ಮೂರು ಚೆಂಡುಗಳನ್ನು ಒಂದರ ಹಿಂದೊಂದು ಎಸೆದು ಹಿಡಿಯುತ್ತಾ, ಕಡೇಪಕ್ಷ ಒಂದು ನಿಮಿಷ ಬೀಳಿಸದೆ ಆಡುವಷ್ಟು ಕಲಿಯಬೇಕು. ಇನ್ನೊಂದು ಗುಂಪಿನವರು ತಮ್ಮ ಪಾಡಿಗೆ ತಾವಿದ್ದರು. ಕಲಿಯುವ ಮೊದಲೊಮ್ಮೆ, ಕಲಿತ ಮೇಲೊಮ್ಮೆ ಎಲ್ಲರ ಮಿದುಳನ್ನೂ ಎಂಆರ್‌ಐ ಯಂತ್ರದಲ್ಲಿ ಸ್ಕ್ಯಾನ್ ಮಾಡಿದರು.

ಕಲಿತವರ ಮಿದುಳು ಬದಲಾಗಿತ್ತು. ಗ್ರೇ ಮ್ಯಾಟರ್ ಎಂದು ಕರೆಯುವ ಬೂದು ಬಣ್ಣದ ಭಾಗ, ಕೆಲವು ನಿರ್ದಿಷ್ಟ ಜಾಗಗಳಲ್ಲಿ ಸುಮಾರು ಶೇ. 3ರಷ್ಟು ಜಾಸ್ತಿಯಾಗಿತ್ತು. ಕಲಿಯದವರಲ್ಲಿ ಅಂಥದ್ದೇನೂ ಕಾಣಲಿಲ್ಲ. ಆಮೇಲೆ ಕಲಿತವರಿಗೆ ಇನ್ನು ಮೂರು ತಿಂಗಳು ಚೆಂಡು ಮುಟ್ಟಬೇಡಿ ಅಂದರು. ಮೂರನೇ ಸ್ಕ್ಯಾನ್‌ನಲ್ಲಿ ನೋಡಿದರೆ, ಹೆಚ್ಚಾಗಿದ್ದ ಭಾಗ ಮತ್ತೆ ಇಳಿಯತೊಡಗಿತ್ತು.

ಶೇ. 3 ಕೇಳಲಿಕ್ಕೆ ಸಣ್ಣದು. ಆದರೆ ಬೆಳೆದವರ ಮಿದುಳಿನ ಆಕಾರ ಒಮ್ಮೆ ಕೂತರೆ ಕೂತಿತು, ವಯಸ್ಸಾದಂತೆ ಸವೆಯುತ್ತದೆ, ಇಲ್ಲವೇ ಕಾಯಿಲೆಯಿಂದ ಹಾಳಾಗುತ್ತದೆ, ಅಷ್ಟೇ ಎಂದು ಆವರೆಗೆ ಬಹಳ ಜನ ನಂಬಿದ್ದರು. ಮೂರು ಚೆಂಡು ಆಡಿದ್ದಕ್ಕೆ ಆ ಆಕಾರ ಬದಲಾಗುತ್ತದೆ, ಆಟ ಬಿಟ್ಟರೆ ಹಿಂದಕ್ಕೆ ಹೋಗುತ್ತದೆ ಅನ್ನುವುದು ದೊಡ್ಡ ಸುದ್ದಿ. ನನಗಂತೂ ಇವತ್ತಿಗೂ ದೊಡ್ಡ ಸುದ್ದಿಯೇ.

ಬದಲಾದ ಜಾಗ ಯಾವುದು ಅನ್ನುವುದು ಇನ್ನೂ ಕುತೂಹಲದ ವಿಷಯ. ಅದರಲ್ಲಿ ಮುಖ್ಯವಾದದ್ದು ಕಣ್ಣಿಗೆ ಕಂಡ ಚಲನೆಯನ್ನು ಗುರುತಿಸುವ ಜಾಗ. ವಿಜ್ಞಾನಿಗಳು ಅದನ್ನು ವಿ5 ಎನ್ನುತ್ತಾರೆ. ತಲೆಯ ಎರಡೂ ಪಕ್ಕದಲ್ಲಿ ಒಂದೊಂದಿದೆ. ಇದು ಕೆಟ್ಟರೆ ಏನಾಗುತ್ತದೆ ಎಂಬುದು 1983ರಲ್ಲಿ ಜರ್ಮನಿಯ ಮ್ಯೂನಿಕ್‌ನಿಂದ ಬಂದ ಒಂದು ವರದಿಯಿಂದ ಗೊತ್ತಾಯಿತು. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಒಬ್ಬ ಮಹಿಳೆಗೆ ಎರಡೂ ಕಡೆಯ ಈ ಜಾಗಕ್ಕೆ ಪೆಟ್ಟಾಗಿತ್ತು. ಬಣ್ಣ, ಆಕಾರ, ಮುಖ ಎಲ್ಲ ಕಾಣುತ್ತಿತ್ತು. ಚಲನೆ ಮಾತ್ರ ಕಾಣುತ್ತಿರಲಿಲ್ಲ. ಕಪ್ಪಿಗೆ ಚಹಾ ಬಗ್ಗಿಸಿದರೆ ಅದು ಹೆಪ್ಪುಗಟ್ಟಿ ನಿಂತ ಹಾಗೆ ಕಾಣುತ್ತಿತ್ತು, ಕಪ್ಪು ತುಂಬುತ್ತಿರುವುದು ತಿಳಿಯುತ್ತಿರಲಿಲ್ಲ. ರಸ್ತೆ ದಾಟುವಾಗ ದೂರದಲ್ಲಿದ್ದ ಕಾರು ಮರುಕ್ಷಣ ಪಕ್ಕದಲ್ಲೇ ಇರುತ್ತಿತ್ತು, ನಡುವೆ ಬಂದದ್ದೇ ಕಾಣದು.

ಅಂದರೆ ನಾವು ಕಾಫಿ ಬಗ್ಗಿಸುವಾಗ, ಬಸ್ಸು ಎಷ್ಟು ಜೋರಾಗಿ ಬರುತ್ತಿದೆ ಅಂತ ಅಳೆಯುವಾಗ, ಮಗು ಓಡಿಬಂದರೆ ಕೈ ಚಾಚುವಾಗ ದುಡಿಯುವ ಜಾಗವೇ ಮೂರು ಚೆಂಡು ಆಡುವಾಗಲೂ ದುಡಿಯುತ್ತದೆ.

ಹಾಗಂತ ಜಗ್ಲಿಂಗ್ ಕಲಿತರೆ ರಸ್ತೆ ದಾಟುವುದು ಸುಲಭವಾಗುತ್ತದೆ, ಐಕ್ಯೂ ಏರುತ್ತದೆ, ಏಕಕಾಲಕ್ಕೆ ಹತ್ತು ಕೆಲಸ ಮಾಡಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇಂಥ ಮಾತು ಬಹಳ ಓಡಾಡುತ್ತಿದೆ. ಸ್ಕ್ಯಾನ್‌ನಲ್ಲಿ ಒಂದು ಜಾಗ ಹೆಚ್ಚಾಗಿದೆ ಅಂದರೆ ಹೊಸ ನರಕೋಶ ಹುಟ್ಟಿದೆ ಅಂತಲೂ ಅರ್ಥವಲ್ಲ. ಇದ್ದ ಕೋಶಗಳ ನಡುವಿನ ಸಂಪರ್ಕ ಹೆಚ್ಚಿರಬಹುದು, ಸುತ್ತಲಿನ ಪೋಷಕ ಕೋಶಗಳು ಬದಲಾಗಿರಬಹುದು. ಕಲಿತದ್ದು ಮುಖ್ಯವಾಗಿ ಆ ಕೆಲಸಕ್ಕೇ ಒದಗುತ್ತದೆ. ದಿನದ ಬದುಕಿನಲ್ಲಿ ಆಗುವ ಬದಲಾವಣೆ ಬೇರೆ ದಾರಿಯಿಂದ ಬರುತ್ತದೆ. ಅದು ತಿಳಿಯಲು ಆಟವನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು.

ನಮ್ಮ ಮಹಡಿಯ ಮೇಲೆ ರಿಟೈರ್ ಆದ ಮೇಷ್ಟ್ರೊಬ್ಬರು ಬಾಡಿಗೆಗಿದ್ದಾರೆ. ಸಂಜೆ ನಾನು ಟೆರೇಸಿನಲ್ಲಿ ಆಡುವಾಗ ನೋಡುತ್ತಾ ನಿಲ್ಲುತ್ತಿದ್ದರು. ‘ಇದು ಹುಡುಗರ ಆಟ ಅಲ್ವೇನ್ರೀ?’ ಅಂದರು ಒಂದು ದಿನ. ಆದರೆ ಕೈ ಚಾಚಿದರು. ಎರಡು ಚೆಂಡು ಕೊಟ್ಟೆ. ‘ಬಲಗೈಯದನ್ನು ಎಸೀರಿ ಸರ್, ಅದು ಮೇಲಿರೋವಾಗ ಎಡಗೈಯದನ್ನ ಎಸೀರಿ’ ಅಂದೆ. ಅವರು ಬಲಗೈಯದನ್ನು ಚೆನ್ನಾಗಿಯೇ ಎಸೆದರು. ಎಡಗೈಯದನ್ನು ಮಾತ್ರ ಎಸೆಯಲಿಲ್ಲ, ಸರಕ್ಕನೆ ಬಲಗೈಗೆ ದಾಟಿಸಿಬಿಟ್ಟರು. ಮತ್ತೆ ಹೇಳಿದೆ. ಮತ್ತೆ ದಾಟಿಸಿದರು. ‘ನಾನು ಎಸೀಬೇಕು ಅಂತಲೇ ಅಂದ್ಕೋತೀನಿ, ಕೈ ಕೇಳೋದೇ ಇಲ್ಲ’ ಅಂದರು.

ಕಲಿಯುವವರಲ್ಲಿ ಹೆಚ್ಚಿನವರು ಮೊದಲು ಹೀಗೇ ಮಾಡುತ್ತಾರೆ. ಚಿಕ್ಕಂದಿನಿಂದ ಎಡಗೈಗೆ ನಾವು ಕಲಿಸಿರುವುದು ಹಿಡಿದುಕೊಳ್ಳುವುದು, ದಾಟಿಸುವುದು. ಎಸೆಯುವುದನ್ನು ಕಲಿಸಿಲ್ಲ. ಜಗ್ಲಿಂಗ್‌ನಲ್ಲಿ ಎರಡೂ ಕೈಗೆ ಸಮಪಾಲು. ಎರಡೂ ಒಂದೇ ಎತ್ತರಕ್ಕೆ ಎಸೆಯಬೇಕು. ಇನ್ನೊಂದು ವಿಷಯವೂ ಆಗಲೇ ಗೊತ್ತಾಗುತ್ತದೆ. ನೋಡುವವರಿಗೆ ಕಾಣುವುದು ಹಿಡಿಯುವ ಚಳಕ, ಆಡುವವರಿಗೆ ಕಷ್ಟ ಎಸೆಯುವುದು. ಎಸೆತ ಸರಿಯಿದ್ದರೆ ಚೆಂಡು ತಾನಾಗಿ ಕೈಗೆ ಬಂದು ಬೀಳುತ್ತದೆ. ಎಸೆತ ಕೆಟ್ಟರೆ ಎಷ್ಟು ಚುರುಕು ಕೈಯಿದ್ದರೂ ಸಾಲದು.

ಇದರ ಹಿಂದೆ ಸರಳ ಲೆಕ್ಕವಿದೆ. ಕೈಯಿಂದ 20 ಸೆಂಟಿಮೀಟರ್ ಮೇಲೆ ಹೋಗುವ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ವಾಪಸ್ ಬರುತ್ತದೆ. 80 ಸೆಂಟಿಮೀಟರ್ ಎಸೆದರೆ 0.8 ಸೆಕೆಂಡು. ಎತ್ತರ ನಾಲ್ಕು ಪಟ್ಟು, ಸಿಕ್ಕ ಸಮಯ ಎರಡೇ ಪಟ್ಟು. ಟೈಮ್ ಬೇಕು ಅಂತ ಮೇಲೆ ಮೇಲೆ ಎಸೆಯುತ್ತಾ ಹೋದರೆ ಚೆಂಡು ಅತ್ತಿತ್ತ ಸರಿಯುವುದೂ ಹೆಚ್ಚುತ್ತದೆ. ಮೂರು ಚೆಂಡಿಗೆ ಕಣ್ಣಿಗಿಂತ ಸ್ವಲ್ಪ ಮೇಲಿನ ಎತ್ತರ ಸಾಕು. ಸಂದೇಶದಲ್ಲಿರುವ ಮಾಹಿತಿಯನ್ನು ಗಣಿತದಲ್ಲಿ ಅಳೆಯುವ ‘ಮಾಹಿತಿ ಸಿದ್ಧಾಂತ’ದ ಜನಕ ಕ್ಲಾಡ್ ಶ್ಯಾನನ್‌ಗೆ ಜಗ್ಲಿಂಗ್ ಅಂದರೆ ಪ್ರಾಣ. ಚೆಂಡು ಗಾಳಿಯಲ್ಲಿರುವ ಸಮಯ, ಕೈಯಲ್ಲಿರುವ ಸಮಯ, ಕೈ ಖಾಲಿಯಿರುವ ಸಮಯ, ಇವುಗಳ ನಡುವಿನ ಸಂಬಂಧವನ್ನು ಒಂದು ಸಾಲಿನ ಸಮೀಕರಣದಲ್ಲಿ ಹಿಡಿದಿಟ್ಟರು. ಉಕ್ಕಿನ ಗುಂಡುಗಳನ್ನು ಡ್ರಮ್ ಮೇಲೆ ಪುಟಿಸಿ ಹಿಡಿಯುವ ಯಂತ್ರವನ್ನೂ ಕಟ್ಟಿದರು.

ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಮೂರು ಚೆಂಡನ್ನೂ ಕಣ್ಣಿನಲ್ಲಿ ಹಿಂಬಾಲಿಸಲು ಆಗುವುದಿಲ್ಲ. ಆಡುವವರು ಚೆಂಡು ಏರಿ ನಿಲ್ಲುವ ತುದಿಯ ಹತ್ತಿರ ನೋಡುತ್ತಿರುತ್ತಾರೆ. ಚೆಂಡು ಅತಿ ನಿಧಾನವಾಗಿರುವುದು ಅಲ್ಲಿ. ಅದು ಎಲ್ಲಿ, ಯಾವಾಗ ಇಳಿಯುತ್ತದೆ ಎಂದು ಅಲ್ಲಿಂದಲೇ ಲೆಕ್ಕ ಸಿಗುತ್ತದೆ. 1970ರ ದಶಕದಲ್ಲಿ ಅಮೆರಿಕದ ಎಂಐಟಿಯ ಹೊವರ್ಡ್ ಆಸ್ಟಿನ್ ಆಟಗಾರರ ಮುಖಕ್ಕೂ ಕೈಗೂ ನಡುವೆ ಪರದೆ ಇಟ್ಟು ಪರೀಕ್ಷಿಸಿದರು. ಚೆಂಡಿನ ಹಾದಿಯ ತುತ್ತತುದಿ ಒಂದೇ ಒಂದು ಅಂಗುಲ ಕಂಡರೂ ಮಧ್ಯಮ ಮಟ್ಟಕ್ಕೆ ಪಳಗಿದವರು ಹಿಡಿಯುತ್ತಿದ್ದರು. ನಮ್ಮೂರ ಹೆಣ್ಣುಮಕ್ಕಳು ಅಣ್ಣೆಕಲ್ಲು ಆಡುವಾಗ ಇದನ್ನೇ ಮಾಡುತ್ತಾರೆ. ಕಣ್ಣು ಮೇಲೆ ಹಾರಿದ ಕಲ್ಲಿನ ಮೇಲೆ, ಕೈ ಮಾತ್ರ ನೆಲದ ಕಲ್ಲುಗಳನ್ನು ಬಳಿದುಕೊಳ್ಳುತ್ತಿರುತ್ತದೆ. ಆ ಆಟ ಆಡಿ ಬೆಳೆದವರಿಗೆ ಜಗ್ಲಿಂಗ್‌ನ ಅರ್ಧ ಪಾಠ ಆಗಲೇ ಆಗಿದೆ ಅಂತ ನನ್ನ ಅನಿಸಿಕೆ.

ಈಗ ದಿನದ ಬದುಕಿನ ಮಾತು. 2008ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಸಂಶೋಧಕರು ಸರಾಸರಿ 60 ವಯಸ್ಸಿನವರಿಗೆ ಮೂರು ತಿಂಗಳು ಜಗ್ಲಿಂಗ್ ಕಲಿಸಿದರು. ಹುಡುಗರಷ್ಟು ಚೆನ್ನಾಗಿ ಅವರಿಗೆ ಬರಲಿಲ್ಲ. ಆದರೂ ಚಲನೆ ಗುರುತಿಸುವ ಅದೇ ಜಾಗ ಅವರಲ್ಲೂ ಹೆಚ್ಚಾಯಿತು. ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನಲ್ಲೂ ಕಲಿಯುವ ಹೊತ್ತಿನಲ್ಲಿ ಬದಲಾವಣೆ ಕಂಡಿತು. ಮರುವರ್ಷ ಆಕ್ಸ್‌ಫರ್ಡ್‌ನಲ್ಲಿ ಹೈಡಿ ಯೋಹಾನ್ಸನ್-ಬರ್ಗ್ ತಂಡ 24 ಜನರಿಗೆ ಆರು ವಾರ ತರಬೇತಿ ಕೊಟ್ಟಿತು. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಈ ಸಲ ನೋಡಿದ್ದು ಮಿದುಳಿನ ಜಾಗಗಳನ್ನು ಜೋಡಿಸುವ ಬಿಳಿ ತಂತುಗಳನ್ನು. ಅವೂ ಬದಲಾಗಿದ್ದವು. ಆಟ ಬಿಟ್ಟು ನಾಲ್ಕು ವಾರವಾದರೂ ಆ ಬದಲಾವಣೆ ಉಳಿದಿತ್ತು. ಚೆನ್ನಾಗಿ ಆಡುವವರಲ್ಲಿ ಜಾಸ್ತಿ, ತಡವರಿಸುವವರಲ್ಲಿ ಕಡಿಮೆ ಅಂತ ಇರಲಿಲ್ಲ. ಅಭ್ಯಾಸಕ್ಕೆ ಕೂತವರೆಲ್ಲರಲ್ಲೂ ಆಗಿತ್ತು.

ಈ ಮಾತು ನನಗೆ ಬಹಳ ಮುಖ್ಯ. ಮಿದುಳು ಪ್ರದರ್ಶನ ಹೇಗಿದೆ ಅಂತ ಕೇಳುತ್ತಿಲ್ಲ, ಕಲಿಯುತ್ತಿದ್ದೀಯಾ ಅಂತ ಕೇಳುತ್ತಿದೆ. ಕೆಲಸಕ್ಕೆ ಸೇರಿ, ಸಂಸಾರ ಹೂಡಿದ ಮೇಲೆ ನಾವು ಬರುವ ಕೆಲಸವನ್ನೇ ಮಾಡುತ್ತಾ ಹೋಗುತ್ತೇವೆ. ಗಾಡಿ ಓಡಿಸುವುದು, ಅಡುಗೆ, ಆಫೀಸಿನ ಫೈಲು, ಎಲ್ಲ ಕೈಗೆ ಕೂತಿರುತ್ತದೆ. ಬಾರದ ಕೆಲಸವನ್ನು ನಾಲ್ಕು ಜನರ ಎದುರು ಮಾಡುವ ಪ್ರಸಂಗವೇ ಬರುವುದಿಲ್ಲ, ಬಂದರೂ ತಪ್ಪಿಸಿಕೊಳ್ಳುತ್ತೇವೆ. ಜಗ್ಲಿಂಗ್‌ನಲ್ಲಿ ತಪ್ಪಿಸಿಕೊಳ್ಳಲು ಆಗದು. ಚೆಂಡು ಬೀಳುತ್ತದೆ, ಸದ್ದಾಗುತ್ತದೆ, ಬಗ್ಗಿ ಎತ್ತಿಕೊಳ್ಳಬೇಕು. ಹತ್ತು ನಿಮಿಷದಲ್ಲಿ ಇದು ಎಷ್ಟೋ ಸಲ. ಕೆಲವು ವಾರ ಕಳೆದರೆ ಬೀಳುವುದು ಅವಮಾನ ಅನ್ನಿಸುವುದು ನಿಲ್ಲುತ್ತದೆ. ‘ಎಸೆತ ಮುಂದಕ್ಕೆ ಹೋಯಿತು’ ಅಂತ ಅಷ್ಟೇ ತಲೆಗೆ ಬರುತ್ತದೆ. ತಪ್ಪು ಒಂದು ಮಾಹಿತಿಯಾಗುತ್ತದೆ. ನನ್ನಲ್ಲಿ ಆದ ದೊಡ್ಡ ಬದಲಾವಣೆ ಇದೇ. ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ಬಂದಾಗ, ಮಗಳು ಹೊಸ ರೀತಿಯ ಲೆಕ್ಕ ತೋರಿಸಿದಾಗ, ‘ನನಗೆ ಇದೆಲ್ಲ ಬರಲ್ಲ’ ಅನ್ನುವ ಮಾತು ಬಾಯಿಗೆ ಮೊದಲಿನಷ್ಟು ಬೇಗ ಬರುವುದಿಲ್ಲ.

ಇನ್ನೊಂದು, ಗಮನದ್ದು. ಎರಡೂ ಕೈ ತುಂಬಿರುತ್ತದೆ, ಕಣ್ಣು ಮೇಲಿರುತ್ತದೆ. ಫೋನ್ ಹಿಡಿಯಲು ಮೂರನೇ ಕೈ ಇಲ್ಲ. ನಾಳೆಯ ಮೀಟಿಂಗ್ ನೆನಪಾಯಿತೋ ಚೆಂಡು ಕೆಳಗೆ. ಕುಕ್ಕರ್ ಮೂರು ವಿಷಲ್ ಹಾಕುವವರೆಗಿನ ಆ ಸಣ್ಣ ಹೊತ್ತಿನಲ್ಲಿ ತಲೆ ಪೂರ್ತಿ ಒಂದೇ ಕಡೆ ಇರುತ್ತದೆ. 2007ರಲ್ಲಿ ಜಪಾನಿನ ಒಂದು ಚಿಕ್ಕ ಅಧ್ಯಯನ, ಆತಂಕದ ಕಾಯಿಲೆಗೆ ಚಿಕಿತ್ಸೆಯಲ್ಲಿದ್ದ ಮಹಿಳೆಯರಿಗೆ ಜಗ್ಲಿಂಗ್ ಕೂಡ ಕಲಿಸಿ, ಕಲಿತವರ ಆತಂಕ ಹೆಚ್ಚು ಇಳಿಯಿತು ಎಂದು ವರದಿ ಮಾಡಿತು. ಬೆರಳೆಣಿಕೆಯ ಜನರ ಮೇಲಿನ ಅಧ್ಯಯನ, ಅದನ್ನೇ ಹಿಡಿದು ಔಷಧಿ ಬಿಡುವಂತಿಲ್ಲ. ಆದರೆ ಆಡಿದವರಿಗೆ ಇದು ಆಶ್ಚರ್ಯ ಅನ್ನಿಸುವುದಿಲ್ಲ.

ಕಲಿಯಲು ಹೊರಟವರು ಒಂದು ಹಂತದಲ್ಲಿ ಬೇಸರಪಟ್ಟು ಬಿಡುತ್ತಾರೆ. ನಾಲ್ಕು ಸಲ ಹಿಡಿಯುವುದು ಬರುತ್ತದೆ, ಐದನೆಯದು ಎಷ್ಟು ದಿನವಾದರೂ ಬರುವುದಿಲ್ಲ. ಇದು ಹೊಸದಲ್ಲ. 1903ರಲ್ಲೇ ಎಡ್ಗರ್ ಜೇಮ್ಸ್ ಸ್ವಿಫ್ಟ್ ಎಂಬ ಅಮೆರಿಕದ ಮನೋವಿಜ್ಞಾನಿ ಒಂದೇ ಕೈಯಲ್ಲಿ ಎರಡು ಚೆಂಡು ಆಡಲು ಕಲಿಯುವವರ ದಿನದಿನದ ಲೆಕ್ಕ ಇಟ್ಟಿದ್ದರು. ಏರಿಕೆ ಎಂದೂ ಒಂದೇ ಸಮ ಇರಲಿಲ್ಲ. ದಿನಗಟ್ಟಲೆ ನಿಂತಲ್ಲೇ ನಿಂತು, ಇದ್ದಕ್ಕಿದ್ದ ಹಾಗೆ ಮೇಲಕ್ಕೆ ಜಿಗಿಯುತ್ತಿತ್ತು. ನಮ್ಮ ಮೇಷ್ಟ್ರಿಗೆ ಇದನ್ನು ಹೇಳಿದಾಗ, ‘ನಲವತ್ತು ವರ್ಷ ಕ್ಲಾಸಿನಲ್ಲಿ ಹುಡುಗರನ್ನ ನೋಡಿದ್ದೂ ಇದೇ’ ಅಂದರು. ಈಗ ಅವರ ಎಡಗೈ ಎಸೆಯುತ್ತದೆ.

ಶುರು ಮಾಡುವವರಿಗೆ ಟೆನಿಸ್ ಚೆಂಡು ಬೇಡ, ಪುಟಿದು ಸೋಫಾ ಕೆಳಗೆ ಹೋಗುತ್ತದೆ. ಹಳೇ ಬಟ್ಟೆಯಲ್ಲಿ ಮುಷ್ಟಿಯಷ್ಟು ದೊಡ್ಡ ಮೂರು ಚೀಲ ಹೊಲಿದು ರಾಗಿ ತುಂಬಿ, ಬಿದ್ದರೆ ಬಿದ್ದಲ್ಲೇ ಇರುತ್ತವೆ. ಮಂಚದ ಪಕ್ಕ, ಮಂಚಕ್ಕೆ ಮುಖ ಮಾಡಿ ನಿಂತರೆ ಬಗ್ಗುವ ಶ್ರಮ ಅರ್ಧ ಉಳಿಯುತ್ತದೆ. ಮೊದಲು ಒಂದೇ ಚೆಂಡು, ಈ ಕೈಯಿಂದ ಆ ಕೈಗೆ, ಕಣ್ಣಿಗಿಂತ ತುಸು ಮೇಲೆ. ಆಮೇಲೆ ಎರಡು: ಮೊದಲನೆಯದು ತುದಿ ಮುಟ್ಟಿದಾಗ ಎರಡನೆಯದನ್ನು ಅದರ ಒಳಗಡೆಯಿಂದ ಎಸೆಯಿರಿ, ಆಗ ಡಿಕ್ಕಿ ಹೊಡೆಯುವುದಿಲ್ಲ. ಮೂರನೆಯದನ್ನು ಕೈಗೆ ತೆಗೆದುಕೊಳ್ಳಬೇಕಾದದ್ದು, ಈ ಎರಡು ಚೆಂಡಿನ ಆಟವನ್ನು ಎಡಗೈಯಿಂದ ಶುರು ಮಾಡಿದರೂ ಸಲೀಸಾಗಿ ಬಂದ ಮೇಲೆ.