ಗುಳ್ಳೆ ಬಂದ ಕಲ್ಲೆಲ್ಲ ಟ್ಯಾಂಕಿಗಲ್ಲ

ಹೋದ ತಿಂಗಳು ಗ್ರಾಹಕರೊಬ್ಬರು ಕಾರಿನ ಡಿಕ್ಕಿಯಲ್ಲಿ ಒಂದು ಕಲ್ಲು ತಂದಿದ್ದರು. ಚಿತ್ರದುರ್ಗದ ಕಡೆ ಸಿಕ್ಕಿದ್ದಂತೆ. "ವಿನೆಗರ್ ಹಾಕಿ ನೋಡಿದೆ ಸರ್, ಗುಳ್ಳೆ ಬಂತು. ರೀಫ್ ಟ್ಯಾಂಕಿಗೆ ಆಗುತ್ತೆ ಅಲ್ವಾ?"

ರೀಫ್ ಟ್ಯಾಂಕ್ ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ. ಗುಳ್ಳೆ ಬಂದದ್ದು ನಿಜ. ಕಲ್ಲಿನೊಳಗೆ ಓಡಿದ್ದ ಬಿಳಿ ಗೆರೆ ಸುಣ್ಣದ್ದು. ಕಲ್ಲನ್ನು ಒದ್ದೆ ಮಾಡಿ ತಿರುಗಿಸಿದೆ. ಹಿಂಬದಿಯ ಬಿರುಕಿನಲ್ಲಿ ಪಾಚಿಯಂಥ ಹಸಿರು. ಉಗುರಿನಲ್ಲಿ ಕೆರೆದರೂ ಹೋಗಲಿಲ್ಲ. ನೋಡಿದರೆ ಹಳೇ ಬಿಂದಿಗೆಯ ಕಿಲುಬಿನ ಬಣ್ಣ. ಅಲ್ಲಿನ ಇಂಗಳದಾಳದಲ್ಲಿ ಹಿಂದೆ ತಾಮ್ರದ ಗಣಿಯೇ ಇತ್ತು. ಅಂಥ ಕಲೆ ಇರುವ ಕಲ್ಲನ್ನು ನಾನು ಮುಟ್ಟುವುದಿಲ್ಲ.

ಮೀನಿಗೆ ವೈಟ್ ಸ್ಪಾಟ್ (ಮೈಮೇಲೆ ಬಿಳಿ ಚುಕ್ಕೆ ಏಳುವ ರೋಗ) ಬಂದರೆ ಲೀಟರಿಗೆ 0.2 ಮಿಲಿಗ್ರಾಂ ಆಸುಪಾಸು ತಾಮ್ರ ಹಾಕುತ್ತೇವೆ, ಅದೂ ಬೇರೆ ಟ್ಯಾಂಕಿನಲ್ಲಿ. ಮೀನು ತಡೆದುಕೊಳ್ಳುತ್ತದೆ. ಸೀಗಡಿ, ಬಸವನಹುಳು, ಹವಳ ತಡೆಯುವುದಿಲ್ಲ. ಸುಣ್ಣದಕಲ್ಲು ಈ ತಾಮ್ರವನ್ನು ಹೀರಿಕೊಂಡು ಆಮೇಲೆ ನಿಧಾನವಾಗಿ ಬಿಡುತ್ತದೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಕಲ್ಲು ಕೊಳ್ಳುವಾಗ ನನ್ನ ಮೊದಲ ಪ್ರಶ್ನೆ ರೇಟಿನದ್ದಲ್ಲ, "ಆ ಟ್ಯಾಂಕಿಗೆ ಯಾವತ್ತಾದರೂ ಔಷಧಿ ಹಾಕಿದ್ರಾ?" ಅನ್ನೋದು.

ಅಷ್ಟಕ್ಕೂ ಸುಣ್ಣದಕಲ್ಲು ಹಾಕಿದರೆ ಹವಳಕ್ಕೆ ಕ್ಯಾಲ್ಸಿಯಂ ಸಿಗುತ್ತದೆ ಅನ್ನುವುದೇ ತಪ್ಪು ಲೆಕ್ಕ. ಪಿಎಚ್ 8 ದಾಟಿದ ಸಮುದ್ರದ ನೀರಲ್ಲಿ ಅದು ಕರಗುವುದೇ ಇಲ್ಲ ಅನ್ನಬಹುದು. ಕಲ್ಲು ಬೇಕಾಗಿರುವುದು ಅದರ ತೂತುಗಳಿಗಾಗಿ. ಮೇಲ್ಮೈಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಆಕ್ಸಿಜನ್ ತಲುಪದ ಒಳತೂತುಗಳಲ್ಲಿ ಬೇರೆ ಬ್ಯಾಕ್ಟೀರಿಯಾ ಅದನ್ನು ನೈಟ್ರೋಜನ್ ಗಾಳಿಯಾಗಿಸುತ್ತವೆ. ಗ್ರಾನೈಟ್‌ನಿಂದ ಅಪಾಯ ಕಡಿಮೆ, ಉಪಯೋಗವೂ ಕಡಿಮೆ. ಕರಾವಳಿಯ ಕೆಂಪುಕಲ್ಲಿನಲ್ಲಿ ತೂತೇನೋ ಬೇಕಾದಷ್ಟಿದೆ, ಆದರೆ ಮೈತುಂಬ ಕಬ್ಬಿಣ. ಪುಡಿಯೂ ಉದುರುತ್ತೆ. ಬೇಡ.

ಬೀಚಿನಲ್ಲಿ ಬಿದ್ದ ಹವಳದ ತುಂಡು? ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ. ಸತ್ತದ್ದಾದರೂ ಎತ್ತಿಕೊಂಡು ಬರುವ ಹಾಗಿಲ್ಲ.

ನಾನು ಜಾಸ್ತಿ ಬಳಸುವುದು ಅಂಗಡಿಯ ಡ್ರೈ ರಾಕ್, ಅಂದರೆ ಜೀವಿಗಳಿಲ್ಲದ ಒಣ ಕಲ್ಲು. ಅದನ್ನೂ ನೇರ ಟ್ಯಾಂಕಿಗೆ ಇಳಿಸುವುದಿಲ್ಲ. ಬಕೆಟ್ಟಿನಲ್ಲಿ ಆರ್‌ಒ ನೀರಿಗೆ ರೀಫ್ ಉಪ್ಪು ಬೆರೆಸಿ, ಸಣ್ಣ ಪಂಪ್ ಓಡಿಸಿ, ಎರಡು ಮೂರು ವಾರ ನೆನೆಹಾಕುತ್ತೇನೆ. ನಡುನಡುವೆ ಅಮೋನಿಯಾ, ಫಾಸ್ಫೇಟ್ ಟೆಸ್ಟ್. ಫಾಸ್ಫೇಟ್ ಏರುತ್ತಲೇ ಇದ್ದರೆ ನೀರು ಬದಲಿಸಿ ಮತ್ತೆ ನೆನೆಹಾಕುವುದು. ಬೋರು ಹೊಡೆಸುವ ಕೆಲಸ, ಗೊತ್ತು.

ಬೇಗ ಮುಗಿಸೋಣ ಅಂತ ಕೆಲವರು ಲೈವ್ ರಾಕನ್ನು (ಜೀವಿಗಳು ಅಂಟಿಕೊಂಡಿರುವ ಕಲ್ಲನ್ನು) ಒಲೆ ಮೇಲಿಟ್ಟು ಕುದಿಸುತ್ತಾರೆ. ದಯವಿಟ್ಟು ಬೇಡ. ಅದಕ್ಕೆ ಅಂಟಿಕೊಂಡಿರುವ ಝೋಯಾಂಥಿಡ್ ಎಂಬ ಹವಳದಂಥ ಜೀವಿಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಘೋರ ವಿಷ ಇರಬಹುದು. ಆ ಆವಿ ಅಡುಗೆಮನೆ ತುಂಬಿದರೆ ಆಸ್ಪತ್ರೆ ಸೇರುವುದು ಮನೆಯವರು.

ಚಿತ್ರದುರ್ಗದ ಕಲ್ಲು ಈಗ ಅವರ ಗೇಟು ಗಾಳಿಗೆ ಬಡಿಯದ ಹಾಗೆ ಅಡ್ಡ ಕೂತಿದೆ.