ಪಡಿತರ ಚೀಟಿಯಿಂದ ಆಪರೇಷನ್ ಥಿಯೇಟರ್‌ವರೆಗೆ: ಸರ್ಕಾರಿ ನೆರವು ತೊಡರುವುದು ಎಲ್ಲಿ?

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಯಾರಿಗಾದರೂ ದೊಡ್ಡ ಕಾಯಿಲೆ ಎಂದು ಗೊತ್ತಾದ ಕೂಡಲೇ ಮನೆಯವರ ಬಾಯಲ್ಲಿ ಬರುವುದು ಒಂದೇ ಮಾತು: ‘ಬೆಂಗಳೂರಿಗೆ ಕರ್ಕೊಂಡೋಗಿ’. ದಾರಿ ಎರಡು ಗಂಟೆಯದೂ ಅಲ್ಲ. ಆದರೆ ಇನ್ಶೂರೆನ್ಸ್ ಇಲ್ಲದ ಕುಟುಂಬಕ್ಕೆ ಈ ಹತ್ತಿರವೇ ತೊಡಕಾಗಿದೆ. ರಾಜ್ಯದ ಆರೋಗ್ಯ ಯೋಜನೆ ಶುರುವಾಗುವುದು ಊರಿನ ಸರ್ಕಾರಿ ಆಸ್ಪತ್ರೆಯಿಂದ. ಜನ ಅದನ್ನು ದಾಟಿ ಹೋಗಿಬಿಟ್ಟಿರುತ್ತಾರೆ.

2003ರಲ್ಲಿ ಯಶಸ್ವಿನಿ ಬಂತು. ಸಹಕಾರ ಸಂಘದ ಸದಸ್ಯರು ವರ್ಷಕ್ಕೆ ತಲಾ 60 ರೂಪಾಯಿ ಕಟ್ಟಿ ಶಸ್ತ್ರಚಿಕಿತ್ಸೆಗೆ ಅರ್ಹರಾಗುತ್ತಿದ್ದರು. ಹಾಲಿನ ಡೇರಿಯೇ ಊರಿನ ಜೀವನಾಡಿಯಾದ ಈ ಜಿಲ್ಲೆಗಳಿಗೆ ಅದು ಸಲೀಸಾಗಿ ಒಗ್ಗಿತು. 2010ರಲ್ಲಿ ಬಿಪಿಎಲ್ ಕುಟುಂಬಗಳಿಗಾಗಿ ವಾಜಪೇಯಿ ಆರೋಗ್ಯಶ್ರೀ ಗುಲ್ಬರ್ಗಾ ವಿಭಾಗದಲ್ಲಿ ಆರಂಭವಾಗಿ ಮುಂದೆ ಇಡೀ ರಾಜ್ಯಕ್ಕೆ ಹಬ್ಬಿತು. ಎಪಿಎಲ್ ಕುಟುಂಬಗಳಿಗೆ ರಾಜೀವ್ ಆರೋಗ್ಯ ಭಾಗ್ಯ, ಮಧ್ಯೆ ಕೇಂದ್ರದ 30 ಸಾವಿರ ರೂಪಾಯಿಯ ಸ್ಮಾರ್ಟ್ ಕಾರ್ಡ್. ಯಾವ ಕಾಯಿಲೆಗೆ ಯಾವ ಕಾರ್ಡ್ ಎಂದು ಆಸ್ಪತ್ರೆಯ ಸಿಬ್ಬಂದಿಗೇ ಗೊಂದಲವಿದ್ದ ಕಾಲ ಅದು.

2018ರ ಮಾರ್ಚ್‌ನಲ್ಲಿ ಇವೆಲ್ಲ ಆರೋಗ್ಯ ಕರ್ನಾಟಕದೊಳಗೆ ಸೇರಿದವು. ಅಕ್ಟೋಬರ್ ಕೊನೆಯಲ್ಲಿ ಅದು ಕೇಂದ್ರದ ಆಯುಷ್ಮಾನ್ ಭಾರತ್ ಜತೆ ಕೂಡಿಕೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ಮೊತ್ತದ ಶೇ 30ರಷ್ಟು ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ಇಂದಿನ ಗೋಜಲು ಬಹುಪಾಲು ಇಲ್ಲಿಂದಲೇ ಹುಟ್ಟಿದ್ದು.

ಚಿಕಿತ್ಸೆಗಳನ್ನು ಕೋಡ್‌ಗಳಾಗಿ ವಿಂಗಡಿಸಲಾಯಿತು. ಸರಳವಾದ 2ಎ ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಜಟಿಲವಾದ 2ಬಿ, ತೃತೀಯ ಹಂತದ 3ಎ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ, ‘ಇಲ್ಲಿ ಸೌಲಭ್ಯವಿಲ್ಲ’ ಎಂದು ಸರ್ಕಾರಿ ಆಸ್ಪತ್ರೆ ಬರೆದುಕೊಡುವ ರೆಫರಲ್ ಬೇಕು. 4ಎ ಪಟ್ಟಿಯ ತುರ್ತು ಪ್ರಕರಣಗಳಿಗೆ ಮಾತ್ರ ರೆಫರಲ್ ಬೇಡ. ಕಿದ್ವಾಯಿ, ಜಯದೇವದಂಥ ಸರ್ಕಾರಿ ಸಂಸ್ಥೆಗಳಲ್ಲಿ ಈ ತಾಪತ್ರಯ ಕಡಿಮೆ. ಅಲ್ಲಿ ಸಾಲು ಉದ್ದ.

ಎಡವಟ್ಟು ಆಗುವುದು ಹೀಗೆ. ರೋಗಿಯನ್ನು ನೇರವಾಗಿ ಬೆಂಗಳೂರಿನ ಖಾಸಗಿ ಆಸ್ಪತ್ರೆಗೆ ಸೇರಿಸುತ್ತಾರೆ, ಮುಂಗಡ ಕಟ್ಟುತ್ತಾರೆ, ಮೂರನೇ ದಿನ ಯಾರೋ ಹೇಳಿದ ಮೇಲೆ ಕಾರ್ಡ್ ಹಿಡಿದು ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರ ಬಳಿ ಹೋಗುತ್ತಾರೆ. ಅಷ್ಟರಲ್ಲಿ ತಡವಾಗಿರುತ್ತದೆ. ಇದು ನಗದುರಹಿತ ಯೋಜನೆ; ಪೂರ್ವಾನುಮತಿ ಸಿಕ್ಕ ಚಿಕಿತ್ಸೆಗೆ ಆಸ್ಪತ್ರೆಗೆ ನೇರ ಹಣ ಹೋಗುತ್ತದೆಯೇ ಹೊರತು ನಾವು ಕಟ್ಟಿದ ಬಿಲ್ ವಾಪಸ್ ಬರುವುದಿಲ್ಲ. ಹಾಗಾಗಿ ತುರ್ತು ಅಲ್ಲದಿದ್ದರೆ ಮೊದಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ, ರೆಫರಲ್ ಪಡೆದು, ಹೋಗುವ ಆಸ್ಪತ್ರೆ ಯೋಜನೆಯಲ್ಲಿದೆಯೇ, ಅದೇ ವಿಭಾಗಕ್ಕೆ ಇದೆಯೇ ಎಂದು ಕೇಳಿಕೊಂಡೇ ಹೊರಡಬೇಕು. ಹೃದಯಕ್ಕೆ ನೋಂದಾಯಿಸಿಕೊಂಡ ಆಸ್ಪತ್ರೆ ಕ್ಯಾನ್ಸರಿಗೂ ನೋಂದಾಯಿಸಿಕೊಂಡಿರಬೇಕೆಂದೇನಿಲ್ಲ.

ಈ ನಿಯಮದ ಉದ್ದೇಶ ಸರ್ಕಾರಿ ಆಸ್ಪತ್ರೆ ಗಟ್ಟಿಯಾಗಲಿ ಎಂಬುದು, ಅದು ಸರಿಯೇ. ಆದರೆ ಕೋಲಾರ, ತುಮಕೂರಿನಲ್ಲಿ ದಶಕಗಳ ಕಾಲ ಇದ್ದದ್ದು ಖಾಸಗಿ ವೈದ್ಯಕೀಯ ಕಾಲೇಜುಗಳೇ. ಹೇಗೂ ಬೆಂಗಳೂರಿಗೇ ಹೋಗಬೇಕಾದ ರೋಗಿಯನ್ನು ಒಂದು ಸಹಿಗಾಗಿ ಮೊದಲು ಹೊರರೋಗಿ ವಿಭಾಗದ ಸಾಲಿನಲ್ಲಿ ನಿಲ್ಲಿಸುವುದರಿಂದ ಜಿಲ್ಲಾ ಆಸ್ಪತ್ರೆ ಬಲವಾಗುವುದಿಲ್ಲ.

ಇನ್ನೊಂದು ಗಂಟು ಪಡಿತರ ಚೀಟಿಯದು. ಅಕ್ಕಿ ಹಂಚಲು ಮಾಡಿದ ಪಟ್ಟಿಯೇ ಚಿಕಿತ್ಸೆಯ ಅರ್ಹತೆಗೂ ಅಳತೆಗೋಲಾಯಿತು. ಸೊಸೆಯ ಹೆಸರು ಇನ್ನೂ ತವರಿನ ಚೀಟಿಯಲ್ಲಿರುತ್ತದೆ, ಆಧಾರ್‌ನಲ್ಲಿ ಇನಿಷಿಯಲ್ ಬೇರೆ ಇರುತ್ತದೆ, ಇ-ಕೆವೈಸಿ ಆಗಿರುವುದಿಲ್ಲ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಚೀಟಿಗಳ ಪರಿಷ್ಕರಣೆ ವಿವಾದವಾದಾಗ ಜನ ಗಾಬರಿಯಾದದ್ದು ಅಕ್ಕಿಗಾಗಿ ಮಾತ್ರವಲ್ಲ. ಚೀಟಿ ಎಪಿಎಲ್ ಆದರೆ ಡಯಾಲಿಸಿಸ್, ಕೀಮೋ ನಡೆಯುತ್ತಿರುವ ಮನೆಯ ಲೆಕ್ಕವೇ ತಲೆಕೆಳಗಾಗುತ್ತದೆ. ಕಾಯಿಲೆ ಬರುವ ಮೊದಲೇ ಎಲ್ಲ ಸದಸ್ಯರ ಹೆಸರು ಸೇರಿಸಿ, ಗ್ರಾಮ ಒನ್ ಸೇವಾ ಕೇಂದ್ರದಲ್ಲಿ ಆರೋಗ್ಯ ಕಾರ್ಡ್ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಯಶಸ್ವಿನಿ 2023ರ ಜನವರಿಯಲ್ಲಿ ಮರಳಿ ಬಂದಿದೆ. ಆದರೆ ನೋಂದಣಿ ನಡೆಯುವುದು ನಿಗದಿತ ಅವಧಿಯಲ್ಲಿ ಮಾತ್ರ. ರೋಗ ಗೊತ್ತಾದ ಮೇಲೆ ಸಂಘಕ್ಕೆ ಓಡಿದರೆ ಆ ವರ್ಷಕ್ಕೆ ಪ್ರಯೋಜನವಿಲ್ಲ.

ಎಲ್ಲ ಸರಿಯಿದ್ದರೂ ಕೈಯಿಂದ ಹೋಗುವ ಹಣ ಇದ್ದೇ ಇದೆ. ಸ್ಕ್ಯಾನಿಂಗ್, ಬಯಾಪ್ಸಿ ಮಾಡಿಸಿ ಕಾಯಿಲೆ ಏನೆಂದು ತಿಳಿಯುವಷ್ಟರಲ್ಲೇ ಅನೇಕರ ಒಡವೆ ಗಿರವಿ ಸೇರಿರುತ್ತದೆ. ಪ್ಯಾಕೇಜ್ ಶುರುವಾಗುವುದು ಆ ನಂತರ.

ಯಾವುದೂ ಕೈಹಿಡಿಯದಾಗ ಉಳಿಯುವುದು ಮುಖ್ಯಮಂತ್ರಿ ಪರಿಹಾರ ನಿಧಿ. ಅರ್ಜಿಯ ಜತೆ ಡಿಸ್ಚಾರ್ಜ್ ಸಮರಿ, ಮೂಲ ಬಿಲ್‌ಗಳು, ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ ಪ್ರತಿ ಬೇಕು. ಶಾಸಕರ ಶಿಫಾರಸು ಪತ್ರವನ್ನೂ ಜನ ಲಗತ್ತಿಸುತ್ತಾರೆ. ಮೂಲ ಬಿಲ್ ಕೊಡುವ ಮೊದಲು ಪ್ರತಿಯೊಂದರ ಜೆರಾಕ್ಸ್ ಇಟ್ಟುಕೊಳ್ಳಬೇಕು. ಔಷಧಿ ಅಂಗಡಿಯ ಬಿಲ್‌ನಲ್ಲಿ ರೋಗಿಯ ಹೆಸರು ಬರೆಸುವುದನ್ನು ಹಲವರು ಮರೆಯುತ್ತಾರೆ. ಅಂಥ ಬಿಲ್ ಲೆಕ್ಕಕ್ಕೆ ಬರುವುದು ಕಷ್ಟ.