ಒಂದೇ ದರದ ಒಪ್ಪಂದಕ್ಕೆ ತಂತಿ ಸಹಿ ಹಾಕಿಲ್ಲ

ದೇಶಕ್ಕೆಲ್ಲ ವಿದ್ಯುತ್ತಿನ ಸಗಟು ದರ ಒಂದೇ ಇರಲಿ ಎಂಬುದು ಕೇಳಲು ಹಿತವಾದ ಮಾತು. ಆದರೆ ಪ್ರತಿಯೊಂದು ಪ್ರಸರಣ ಮಾರ್ಗಕ್ಕೂ ಇಂತಿಷ್ಟೇ ಎಂಬ ಮಿತಿಯಿದೆ. ಮೀರಿದರೆ ತಂತಿ ಕಾದು ಜೋತುಬೀಳುತ್ತದೆ. ಆಗ ಮಾರ್ಗದ ಆಚೆ ಅಗ್ಗದ ವಿದ್ಯುತ್ ಎಷ್ಟಿದ್ದರೇನು, ಈಚೆಯವರು ಹತ್ತಿರದ ದುಬಾರಿ ಸ್ಥಾವರವನ್ನೇ ನೆಚ್ಚಬೇಕು.

ಈ ವ್ಯತ್ಯಾಸ ದರದಲ್ಲೇ ಕಾಣಬೇಕೆಂಬ ವಾದಕ್ಕೆ ಗಣಿತದ ಬುನಾದಿ ಹಾಕಿದವರು ಎಂಐಟಿಯ ಫ್ರೆಡ್ ಶ್ವೆಪ್ಪೆ ಮತ್ತು ಸಂಗಡಿಗರು. ಅವರ ಪುಸ್ತಕ ಬಂದದ್ದು 1988ರಲ್ಲಿ. ಗ್ರಿಡ್‌ನ ಒಂದೊಂದು ನೋಡ್‌ಗೂ, ಅಂದರೆ ಮಾರ್ಗಗಳು ಕೂಡುವ ಒಂದೊಂದು ಜಾಗಕ್ಕೂ, ಬೇರೆ ದರ ಕಟ್ಟುವ ಪದ್ಧತಿಯನ್ನು 1996ರಲ್ಲಿ ನ್ಯೂಜಿಲೆಂಡ್, 1998ರಲ್ಲಿ ಅಮೆರಿಕದ ಪೂರ್ವ ಭಾಗದ ಪಿಜೆಎಂ ಗ್ರಿಡ್ ಜಾರಿಗೆ ತಂದವು. ಕ್ಯಾಲಿಫೋರ್ನಿಯಾ ಮಾತ್ರ ಕೆಲವೇ ದೊಡ್ಡ ವಲಯಗಳು ಸಾಕೆಂದುಕೊಂಡಿತು. ಉತ್ಪಾದಕರಿಗೆ ಅಷ್ಟೇ ಬೇಕಿತ್ತು: ವಲಯದೊಳಗಿನ ಮಾರ್ಗ ತಾಳಲಾರದಷ್ಟು ಉತ್ಪಾದನೆ ಘೋಷಿಸುವುದು, ಆಮೇಲೆ ಅದನ್ನು ತಗ್ಗಿಸಲು ಹಣ ಪಡೆಯುವುದು! 2009ರಲ್ಲಿ ಆ ರಾಜ್ಯವೂ ನೋಡ್ ದರಕ್ಕೆ ಬಂತು.

ಸ್ವೀಡನ್ನಿನ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿ ಜಲವಿದ್ಯುತ್ ಹೆಚ್ಚಾಗಿ ಉತ್ತರದಲ್ಲಿ, ಜನ ಮತ್ತು ಬೇಡಿಕೆ ದಕ್ಷಿಣದಲ್ಲಿ. ದಕ್ಷಿಣದ ಬರ್ಸೆಬೆಕ್ ಅಣುಸ್ಥಾವರದ ಎರಡು ಘಟಕಗಳು 1999 ಮತ್ತು 2005ರಲ್ಲಿ ಮುಚ್ಚಿದ ಮೇಲೆ ಕೊರತೆ ಹೆಚ್ಚಿತು. ದೇಶದೊಳಗಿನ ಮಾರ್ಗಗಳ ದಟ್ಟಣೆ ನೀಗಿಸಲು ಗ್ರಿಡ್ ಸಂಸ್ಥೆ ಡೆನ್ಮಾರ್ಕಿಗೆ ಹೋಗುವ ವಿದ್ಯುತ್ತಿಗೇ ಕಡಿವಾಣ ಹಾಕುತ್ತಿತ್ತು. ಮನೆಯ ಒಂದೇ ದರದ ಭಾರ ನೆರೆಯವರ ಹೆಗಲಿಗೆ! ದೂರು ಯುರೋಪಿಯನ್ ಆಯೋಗಕ್ಕೆ ಹೋಯಿತು. 2011ರ ನವೆಂಬರ್ 1ರಂದು ದೇಶ ಉತ್ತರದ ಲೂಲಿಯೊದಿಂದ ದಕ್ಷಿಣದ ಮಾಲ್ಮೊವರೆಗೆ ನಾಲ್ಕು ದರವಲಯಗಳಾಯಿತು. ದಕ್ಷಿಣದವರು ಈಗಲೂ ಗೊಣಗುತ್ತಾರೆ, ಕಾರಣವಿಲ್ಲದೆ ಏನಲ್ಲ: ಸ್ಥಾವರ ಮುಚ್ಚಿದ ತೀರ್ಮಾನ ಇಡೀ ದೇಶದ್ದು, ಬಿಲ್ ಮಾತ್ರ ಅವರದು.

ದರ ದಟ್ಟಣೆಯನ್ನು ತೋರಿಸಿಕೊಡುತ್ತದೆ, ತಂತಿ ಎಳೆಯುವುದಿಲ್ಲ. ಟೆಕ್ಸಾಸ್ 2010ರ ಕೊನೆಗೆ ನೋಡ್ ದರಕ್ಕೆ ಹೋದರೂ, ಪಶ್ಚಿಮದ ಗಾಳಿ ವಿದ್ಯುತ್ ಪೂರ್ವದ ನಗರಗಳಿಗೆ ಧಾರಾಳವಾಗಿ ಹರಿದದ್ದು ಸುಮಾರು 700 ಕೋಟಿ ಡಾಲರ್ ವೆಚ್ಚದ ಮಾರ್ಗಗಳು 2014ರ ಹೊತ್ತಿಗೆ ಸಿದ್ಧವಾದ ಮೇಲೆಯೇ. ಅಲ್ಲಿಯವರೆಗೆ ಗಾಳಿ ಜೋರಾದ ರಾತ್ರಿಗಳಲ್ಲಿ ಪಶ್ಚಿಮದ ದರ ಸೊನ್ನೆಗಿಂತ ಕೆಳಗಿಳಿಯುತ್ತಿತ್ತು.

ಬ್ರಿಟನ್ ವರ್ಷಗಟ್ಟಲೆ ಚರ್ಚಿಸಿ, 2025ರ ಜುಲೈನಲ್ಲಿ ವಲಯ ದರ ಬೇಡವೆಂದಿತು. ಹೂಡಿಕೆದಾರರು ಹೆದರಿ ಹಿಂದೆ ಸರಿದಾರೆಂಬ ಅಳುಕು ಸುಳ್ಳಲ್ಲ. ಆದರೂ ಮಾರ್ಗ ತುಂಬಿದಾಗ ಸ್ಕಾಟ್ಲೆಂಡಿನ ಗಾಳಿಯಂತ್ರಗಳಿಗೆ ನಿಲ್ಲಲು ಹಣ, ದಕ್ಷಿಣದ ಅನಿಲ ಸ್ಥಾವರಗಳಿಗೆ ಓಡಲು ಹಣ. ಎರಡೂ ಗ್ರಾಹಕರ ಬಿಲ್ಲಿನಿಂದಲೇ ಹೋಗುತ್ತಿವೆ.